ಹೊಳೆಯಲ್ಲಿ ತೊಳೆದ ಗಾಜು

ಆ ಕಾಲದಲ್ಲಿ ಮದ್ದೂರಿನ ಜನ ಬದುಕಿರುವಾಗ ಪಟ ತೆಗೆಸಿಕೊಳ್ಳುತ್ತಿರಲಿಲ್ಲ. ಪಟ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಎಂಬ ಮಾತು ಆರು ಕಟ್ಟಿ ಹೊಲ ಉಳುವವರಿಂದ ಹಿಡಿದು ಶಾಲೆ ಮೇಷ್ಟರವರೆಗೆ ಎಲ್ಲರ ಹೊಟ್ಟೆಯೊಳಗೂ ಇತ್ತು. ಮೇಷ್ಟರು ಮಾತ್ರ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ. ಹಾಗಾಗಿ ಪೇಟೆ ಬೀದಿಯಲ್ಲಿ ಪಟದ ಅಂಗಡಿ ಇಟ್ಟಿದ್ದ ಚಲುವರಾಜುವಿಗೆ ಕೆಲಸ ಬರುತ್ತಿದ್ದುದು ಯಾರಾದರೂ ಕಣ್ಣು ಮುಚ್ಚಿದ ಮೇಲೆಯೇ. ಇನ್ನು ಕಮ್ಮಿಯಾಗಲು ಆಯಸ್ಸೇ ಉಳಿದಿಲ್ಲವಲ್ಲ ಎಂಬ ಧೈರ್ಯ ಆಗ ಮನೆಯವರಿಗೆ ಬರುತ್ತಿತ್ತು. ಹೆಣವನ್ನು ಕುರ್ಚಿಯ ಮೇಲೆ ಕೂರಿಸಿ, ಬೆನ್ನಿಗೆ ಹಲಗೆ ಕೊಟ್ಟು, ಹಾರ ಹಾಕಿ, “ಬಿಸ್ಲೇರಾಕ್ ಮುಂಚೆ ಬಂದೋಗಪ್ಪ” ಎಂದು ಹೇಳಿ ಕಳಿಸುತ್ತಿದ್ದರು.

ಅವನ ಹೆಸರು ಸುತ್ತಮುತ್ತ ಹಬ್ಬಿದ್ದುದು ಪಟ ತೆಗೆಯುವುದಕ್ಕಲ್ಲ, ಆಮೇಲಿನ ಕೆಲಸಕ್ಕೆ. ಕಾಗದದ ಮೇಲೆ ಪಟ ಮೂಡಿದ ಮೇಲೆ, ಸತ್ತವರ ಮುಚ್ಚಿದ ರೆಪ್ಪೆಯ ಮೇಲೆ ಅಳಿಲಿನ ಕೂದಲಿನ ಸಣ್ಣ ಕುಂಚದಿಂದ ಬಿಟ್ಟ ಕಣ್ಣು ಬರೆಯುತ್ತಿದ್ದ. ಮಳವಳ್ಳಿ, ಮಂಡ್ಯದಿಂದಲೂ ಜನ ಅದಕ್ಕಾಗಿ ಬರುತ್ತಿದ್ದರು. ಬರೆಯುವ ಮೊದಲು ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದ: “ನೋಡೋದು ಎಂಗೆ ನೋಡೋರು?” ಒಬ್ಬರು ತಲೆ ತಗ್ಗಿಸಿ ಮೇಲುಗಣ್ಣಲ್ಲಿ ನೋಡುತ್ತಿದ್ದರು, ಇನ್ನೊಬ್ಬರದು ಒಂದು ಕಣ್ಣು ಕೊಂಚ ಸಣ್ಣದು, ಹೀಗೆ ಏನಾದರೂ ಸಿಗುತ್ತಿತ್ತು. ಒಮ್ಮೆ ವೈದ್ಯನಾಥಪುರದ ಕಡೆಯ ಮುದುಕಿಯೊಬ್ಬಳು, ಗಂಡನ ಜೊತೆ ನಲವತ್ತು ವರ್ಷ ಬಾಳಿದವಳು, ಎಷ್ಟು ಹೊತ್ತಾದರೂ ಉತ್ತರ ಹೇಳದೆ ಕೊನೆಗೆ ಗೊಳೋ ಎಂದು ಅತ್ತಳು. ಅವಳಿಗೆ ನೆನಪಾಗಲಿಲ್ಲ. ಚಲುವರಾಜು ಅವತ್ತು ಉಣ್ಣುತ್ತಾ ಹೆಂಡತಿಗೆ ಅದನ್ನು ಹೇಳಿ ನಕ್ಕಿದ್ದ. ನಲವತ್ತು ವರ್ಷ ಬಾಳಿ ಗಂಡನ ಕಣ್ಣು ನೆನಪಿಲ್ಲ ಅಂದರೆ ಅದೆಂಥ ಸಂಸಾರ ಎಂದಿದ್ದ. ಆ ನಗುವನ್ನು ಅವನು ಆಮೇಲೆ ಬಹಳ ಸಲ ನೆನೆಸಿಕೊಂಡ.

ಹೆಂಡತಿ ರೇವಮ್ಮ ಕೊಕ್ಕರೆ ಬೆಳ್ಳೂರಿನವಳು, ಅವನ ಸೋದರತ್ತೆ ಮಂಚಮ್ಮನ ಒಬ್ಬಳೇ ಮಗಳು. ಲಂಗ ಉಟ್ಟು ಓಡಾಡುವ ಕಾಲದಿಂದಲೂ ಅವನನ್ನು ಬಾವ ಎಂದೇ ಕರೆದವಳು, ಮದುವೆಯಾದ ಮೇಲೂ ಅದನ್ನು ಬಿಡಲಿಲ್ಲ. ಗಂಡನ ಕಸುಬಿನಲ್ಲಿ ಅರ್ಧ ಕೆಲಸ ಅವಳದೇ. ಆಗ ಪಟ ಮೊದಲು ಮೂಡುತ್ತಿದ್ದುದು ಗಾಜಿನ ಹಲಗೆಯ ಮೇಲೆ, ಕಾಗದಕ್ಕೆ ಇಳಿಯುತ್ತಿದ್ದುದು ಆಮೇಲೆ. ಕತ್ತಲೆ ಕೋಣೆಯಿಂದ ಬಂದ ಗಾಜನ್ನು ತೊಳೆದು ಒಣಗಿಸುವವಳು ಅವಳು, ಊರೂರಿಗೆ ಹೋಗುವಾಗ ಗಾಜಿನ ಪೆಟ್ಟಿಗೆ ಹೊರುವವಳೂ ಅವಳು. ಆದರೆ ಕ್ಯಾಮೆರಾದ ಮುಂದೆ ಮಾತ್ರ ಒಂದು ದಿನವೂ ನಿಂತವಳಲ್ಲ. ಮದುವೆಯ ವರ್ಷ ಚಲುವರಾಜು ಆಸೆಪಟ್ಟು ಮಾವನದೊಂದು ಪಟ ತೆಗೆದಿದ್ದ. ಗಟ್ಟಿಮುಟ್ಟಾಗಿದ್ದ ಮನುಷ್ಯ ಆರು ತಿಂಗಳೊಳಗೆ ಹೋಗಿಬಿಟ್ಟ. ಅವತ್ತಿನಿಂದ ಅವಳ ಮಾತು ಒಂದೇ.

“ನೀನು ಪಟ ತಗ್ದೋರಲ್ಲಿ ಬದುಕಿರೋರು ಎಷ್ಟು ಜನ ಯೋಳು ಬಾವ.”

“ಸತ್ತೋರ್ದೇ ತಾನೆ ಕಣಮ್ಮಿ ನಾನು ತಗಿಯೋದು. ಬದುಕಿರ್ತಾರಾ?”

“ಅದೇ ಕಣ್ ನಾನೂ ಯೋಳಿದ್ದು” ಎಂದು ಅವಳು ಗೆದ್ದವಳ ಹಾಗೆ ಒಳಗೆ ಹೋಗುತ್ತಿದ್ದಳು. ಊರಿನ ಮುಖವನ್ನೆಲ್ಲ ಗಾಜಿನಲ್ಲಿ ಹಿಡಿದವನ ಮನೆಯಲ್ಲಿ ಹೆಂಡತಿಯದೊಂದು ಪಟ ಇಲ್ಲವಲ್ಲ ಎಂದು ಅವನು ಕೊರಗುತ್ತಿದ್ದ. ಮಕ್ಕಳೂ ಆಗಿರಲಿಲ್ಲ. ಅವಳ ಮೂಗು, ಅವಳ ಹುಬ್ಬು ಎಂದು ತೋರಿಸಲು ಇನ್ನೊಂದು ಮುಖವೂ ಆ ಮನೆಯಲ್ಲಿ ಇರಲಿಲ್ಲ.

ಸಾವಿರದ ಒಂಬೈನೂರ ನಲವತ್ತಮೂರರ ಸಂಕ್ರಾಂತಿ ಕಳೆದ ಮೇಲೆ ತಾಲ್ಲೂಕಿನ ಅಮಲ್ದಾರರಿಗೆ ವರ್ಗವಾಯಿತು. ಬೀಳ್ಕೊಡುಗೆಗೆ ಮದ್ದೂರಿನ ಪಟಗಳದೊಂದು ಆಲ್ಬಂ ಕೊಡಬೇಕೆಂದು ಊರಿನ ಮುಖಂಡರು ತೀರ್ಮಾನಿಸಿ ಚಲುವರಾಜುವನ್ನು ಕರೆಸಿದರು. ರಸ್ತೆಯ ಕಡೆಯಿಂದ ನೋಡಿದರೆ ಮದ್ದೂರು ಅಂದರೆ ಬಸ್ಸು ಇಳಿದು, ವಡೆ ತಿಂದು, ಮತ್ತೆ ಬಸ್ಸು ಹತ್ತುವ ಜಾಗ. ಅದರಲ್ಲಿ ಪಟ ತೆಗೆಯುವಂಥದ್ದೇನಿದೆ ಎಂದು ಅವನಿಗೆ ಅನ್ನಿಸಿತು. ಶಿಂಷೆಯ ದಂಡೆ ಹಿಡಿದು ನಡೆಯುತ್ತಾ ಹೊಳೆಯ ಕಡೆಯಿಂದ ಊರನ್ನು ತೆಗೆದುಕೊಡುತ್ತೇನೆ ಎಂದ. ಮುಖಂಡರಿಗೆ ಅದೇನೆಂದು ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದರು. ಯುದ್ಧದ ಕಾಲ, ಗಾಜು ಸಿಗುವುದೇ ಕಷ್ಟ. ಬೆಂಗಳೂರಿನಲ್ಲಿ ಯಾರ್ಯಾರದೋ ಕೈಕಾಲು ಹಿಡಿದು ಹನ್ನೆರಡು ಗಾಜು ತಂದ. ಹನ್ನೆರಡು ಪಟ, ಹನ್ನೆರಡೇ ಗಾಜು. ಒಂದು ಕೆಟ್ಟರೂ ಇನ್ನೊಂದು ಇಲ್ಲ.

ಗಂಡ ಹೆಂಡತಿ ಮೂರು ದಿನ ನಡೆದರು. ಅವನ ಹೆಗಲ ಮೇಲೆ ಕ್ಯಾಮೆರಾ ಮತ್ತು ಅದರ ಮೂರು ಕಾಲು, ಅವಳ ಸೊಂಟದಲ್ಲಿ ಗಾಜಿನ ಪೆಟ್ಟಿಗೆ, ತಲೆಯ ಮೇಲೆ ಬುತ್ತಿ. ಹೊಳೆಯ ಕಡೆಗೆ ಊರು ಬೆನ್ನು ಹಾಕಿ ಕೂತಿತ್ತು. ಬೀದಿಯಲ್ಲಿ ಸುಣ್ಣ ಬಳಿದುಕೊಂಡು ನಿಂತ ಮನೆಗಳೆಲ್ಲ ಈ ಕಡೆ ಕಿತ್ತುಹೋದ ಗೋಡೆ, ಸೌದೆ ರಾಶಿ, ಒಣಹಾಕಿದ ಸೀರೆಗಳನ್ನು ತೋರಿಸುತ್ತಿದ್ದವು. ಮಡಿವಾಳರ ಬಂಡೆಗಳು, ಎಮ್ಮೆ ಮೈ ತೊಳೆಯುವವರು, ಆಲೆಮನೆಯ ಹೊಗೆ, ರೈಲಿನ ಸೇತುವೆಯ ಕಂಬದ ನೆರಳಲ್ಲಿ ತಲೆಗೆ ವಸ್ತ್ರ ಸುತ್ತಿಕೊಂಡು ಮಲಗಿದ್ದ ದನ ಕಾಯುವವನು. ಎಂಟು ವರ್ಷದಿಂದ ಇದ್ದ ಊರು ಚಲುವರಾಜುವಿಗೆ ಮೊದಲ ಸಲ ಇಷ್ಟವಾಯಿತು. ಅವನು ಕರಿಯ ಬಟ್ಟೆಯೊಳಗೆ ತಲೆ ತೂರಿಸಿದಾಗಲೆಲ್ಲ ರೇವಮ್ಮ ಅವನ ಬೆನ್ನ ಹಿಂದೆ ನಾಲ್ಕು ಮಾರು ದೂರ ಸರಿದು ನಿಲ್ಲುತ್ತಿದ್ದಳು.

ಎರಡನೇ ದಿನ ಹಳೆ ಸೇತುವೆಯ ಕೆಳಗೆ ನಿಂತರು. ನೀರಿನಲ್ಲಿ ಬಣ್ಣದ ಕೊಕ್ಕರೆಗಳು ಮೀನಿಗೆ ಕಾಯುತ್ತಿದ್ದವು.

“ನಮ್ಮೂರಿನವು ಬಾವ, ಬಾಣಂತನಕ್ಕೆ ಬಂದವೆ” ಎಂದಳು ರೇವಮ್ಮ. ಬೆಳ್ಳೂರಿನವರು ಆ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಎಣಿಸುತ್ತಾರೆ. ಅವನು ಗಾಜು ಏರಿಸಿ, ಕ್ಯಾಮೆರಾದ ಕಣ್ಣಿಗೆ ಹಾಕಿದ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಮೋಡ ಸರಿಯಲೆಂದು ಕಾಯುತ್ತಿದ್ದ. ಇನ್ನೂ ಹೊತ್ತಾಗುತ್ತದೆಂದುಕೊಂಡ ರೇವಮ್ಮ ಅವನನ್ನು ದಾಟಿ ನೀರಿಗಿಳಿದು, ಬಂಡೆಯ ಮೇಲೆ ಬಾಗಿ ಮುಖ ತೊಳೆದಳು. ಪೆಟ್ಟಿಗೆ ಸೊಂಟದಲ್ಲೇ ಇತ್ತು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಎದ್ದು, ಆಯಿತಾ ಎಂದು ಕೇಳುವವಳ ಹಾಗೆ ಅವನ ಕಡೆ ತಿರುಗಿ ನೆಟ್ಟಗೆ ನೋಡಿದಳು. ಆಗಲೇ ಮೋಡ ಸರಿಯಿತು.

ಚಲುವರಾಜು ಮುಚ್ಚಳ ತೆಗೆದ. ಒಂದು, ಎರಡು. ಮುಚ್ಚಿದ.

“ತಗ್ದ್ಯಾ?” ಅವಳ ದನಿಯಲ್ಲಿ ಗಾಬರಿಯಿತ್ತು.

“ಇಲ್ಲ ಕಣಮ್ಮಿ, ಧೂಳ್ ಒರೆಸ್ದೆ. ಇತ್ಲಾಗ್ ಬಾ” ಎಂದ.

ಸುಳ್ಳು ಒಂದು ದಿನ ನಡೆಯಿತು. ಮೂರನೆಯ ದಿನ ವೈದ್ಯನಾಥೇಶ್ವರನ ಗುಡಿಯ ಪಟ ತೆಗೆದು ಮುಗಿಸಿ ಮನೆಗೆ ಬಂದು, ಕತ್ತಲೆ ಕೋಣೆಯ ಕೆಲಸ ಮಾಡಿ ಗಾಜುಗಳನ್ನು ಹೊರಗಿಟ್ಟ. ತೊಳೆಯುವವಳು ಅವಳೇ ಅನ್ನುವುದನ್ನು ಕಳ್ಳತನ ಮಾಡಿದವನು ಮರೆತೇಬಿಟ್ಟಿದ್ದ. ಗಾಜಿನಲ್ಲಿ ಎಲ್ಲವೂ ತಿರುಗಾಮುರುಗಾ, ಕರಿದೆಲ್ಲ ಬಿಳಿ, ಬಿಳಿಯದೆಲ್ಲ ಕರಿ. ರೇವಮ್ಮ ಒಂದು ಗಾಜನ್ನು ಬಾಗಿಲ ಬೆಳಕಿಗೆ ಹಿಡಿದು, “ಇದ್ಯಾರು ಬಾವ ಈ ಮುದ್ಕಿ, ತಲೆ ಪೂರಾ ಬೆಳ್ಳಗಾಗ್ಬುಟ್ಟದೆ” ಎಂದು ನಕ್ಕಳು. ಆಮೇಲೆ ಮುದುಕಿಯ ಸೊಂಟದಲ್ಲಿದ್ದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅವಳು ಕೂಗಾಡಲಿಲ್ಲ. ಗಾಜನ್ನು ಮೆಲ್ಲಗೆ ಇಟ್ಟು ಒಲೆಯ ಮುಂದೆ ಹೋಗಿ ಕೂತಳು. ಅವತ್ತು ಉಣ್ಣಲಿಲ್ಲ, ಮಾರನೆಯ ದಿನವೂ ಉಣ್ಣಲಿಲ್ಲ.

“ಅಳಿಸ್ಬುಡು ಬಾವ. ನಂಗೆ ಇನ್ನೊಂದಷ್ಟು ದಿನ ನಿನ್ ಜೊತೆ ಇರ್ಬೇಕು” ಎಂದಳು.

ಗಾಜು ಒಡೆಯುವ ಹಾಗಿರಲಿಲ್ಲ, ಸೇತುವೆಯ ಪಟ ಅದೊಂದೇ. ಚಲುವರಾಜು ಕೆಮ್ಮಣ್ಣನ್ನು ನುಣ್ಣಗೆ ಅರೆದು, ಜಾಲಿ ಗೋಂದಿನಲ್ಲಿ ಕಲಸಿ, ಅವಳ ಕಣ್ಣೆದುರಿಗೇ ಗಾಜಿನಲ್ಲಿ ಅವಳಿದ್ದ ಜಾಗಕ್ಕೆ ಬಳಿದ. ಕೆಂಪು ಬಳಿದ ಕಡೆ ಬೆಳಕು ದಾಟುವುದಿಲ್ಲ, ಕಾಗದದಲ್ಲಿ ಆ ಜಾಗ ಬಿಳಿಯಾಗಿ ಮೂಡುತ್ತದೆ. ಮೂಡಿದ್ದನ್ನು ಸೀಸದ ಕಡ್ಡಿಯಿಂದ ತೀಡಿ ಬಂಡೆ ಮಾಡಿ ತೋರಿಸಿದ. ರೇವಮ್ಮ ಹತ್ತಿರದಿಂದಲೂ ನೋಡಿದಳು, ದೂರದಿಂದಲೂ ನೋಡಿದಳು.

“ಈಗ ನಾನಿಲ್ವಾ ಅದ್ರಲ್ಲಿ?”

“ಇಲ್ಲ.”

“ಕಟ್ಕೊಂಡೋಳ್ನ ಬಂಡೆ ಮಾಡ್ಬುಟ್ಯಲ್ಲ” ಎಂದು ನಕ್ಕು ಮುದ್ದೆ ತೊಳಸಲು ಹೋದಳು.

ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು. ಚಿತ್ರ ನಿಲ್ಲುವುದು ಗಾಜಿನ ಒಂದು ಮೈಗೆ. ಅವನು ಕೆಮ್ಮಣ್ಣು ಬಳಿದದ್ದು ಇನ್ನೊಂದು ಮೈಗೆ. ಒದ್ದೆ ಬಟ್ಟೆ ಆಡಿಸಿದರೆ ಕೆಂಪು ಹೋಗುತ್ತದೆ, ಅವಳು ಇದ್ದ ಹಾಗೇ ಇರುತ್ತಾಳೆ. ಆಲ್ಬಂ ಅಮಲ್ದಾರರ ಜೊತೆ ಊರು ಬಿಟ್ಟ ಮೇಲೆ ಅವನು ಒಂದು ದಿನ ಅವಳು ಸಂತೆಗೆ ಹೋದಾಗ ಕೆಂಪು ಒರೆಸಿದ. ಕಾಗದಕ್ಕೆ ಇಳಿಸಲಿಲ್ಲ. ಇಳಿಸಿದರೆ ಎಲ್ಲಿ ಬಚ್ಚಿಟ್ಟರೂ ಅವಳ ಕೈಗೆ ಸಿಗುತ್ತದೆಂಬ ಭಯ. ಗಾಜನ್ನೇ ಆಗಾಗ ಬೆಳಕಿಗೆ ಹಿಡಿದು ನೋಡುತ್ತಿದ್ದ. ಕರಿಯ ಮುಖ, ಬಿಳಿಯ ಕೂದಲು, ಬಿಳಿಯ ಕಣ್ಣಪಾಪೆ. ನೋಡಿ ನೋಡಿ ಆ ಮುದುಕಿಯೇ ಅವನಿಗೆ ಪ್ರೀತಿಯಾದಳು. ಇಬ್ಬರಿಗೂ ನಿಜವಾಗಿ ಕೂದಲು ಬೆಳ್ಳಗಾದಾಗ, ಕಮ್ಮಿಯಾಗುವ ಆಯಸ್ಸೇ ಉಳಿಯದಿದ್ದಾಗ, ಇದನ್ನು ಕಾಗದಕ್ಕಿಳಿಸಿ ಅವಳ ಮುಂದೆ ಹಿಡಿಯಬೇಕು, ಆಗ ಅವಳು ಬಯ್ಯುವುದನ್ನು ಕೇಳಬೇಕು ಎಂದು ಲೆಕ್ಕ ಹಾಕಿಕೊಂಡಿದ್ದ.

ನಾಲೆ ಬಂದ ಮೇಲೆ ಆ ಸೀಮೆಗೆ ಭತ್ತ ಬಂತು, ಕಬ್ಬು ಬಂತು, ಸೊಳ್ಳೆಯೂ ಬಂತು. ಆಷಾಢದಲ್ಲಿ ರೇವಮ್ಮ ಚಳಿಜ್ವರ ಹಿಡಿದು ಮಲಗಿದಳು. ಮೊದಲು ಒಂದು ದಿನ ಬಿಟ್ಟು ಒಂದು ದಿನ ಬರುತ್ತಿತ್ತು, ಆಮೇಲೆ ಬಿಡುವುದನ್ನೇ ಬಿಟ್ಟಿತು. ಕ್ವಿನೈನ್ ಎಲ್ಲ ಯುದ್ಧಕ್ಕೆ ಹೋಗಿದೆ ಎನ್ನುತ್ತಿದ್ದರು. ಮಂಡ್ಯಕ್ಕೆ ಹೋಗಿ ಸುತ್ತಾಡಿದರೂ ನಾಲ್ಕೇ ನಾಲ್ಕು ಮಾತ್ರೆ ಸಿಕ್ಕಿತು. ಬೆಳ್ಳೂರಿನಿಂದ ಮಂಚಮ್ಮ ಬಂದು ಮಗಳ ತಲೆದೆಸೆಯಲ್ಲಿ ಕೂತಳು. ಮುದುಕಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು, ಬಾಗಿಲು ಯಾವುದು ಗೋಡೆ ಯಾವುದು ಅನ್ನುವಷ್ಟು ಕಾಣುತ್ತಿತ್ತು. ಮಗಳ ಹಣೆಯ ಮೇಲಿನ ಕೈ ತೆಗೆಯುತ್ತಿರಲಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ ರೇವಮ್ಮ ಕಣ್ಣು ಬಿಟ್ಟು ಗಂಡನನ್ನು ಹತ್ತಿರ ಕರೆದಳು.

“ಬಾವ, ಆ ಗಾಜ್ನಲ್ಲಿ ನಾನಿಲ್ಲ ತಾನೆ?”

“ಇಲ್ಲ ಕಣಮ್ಮಿ.”

“ನನ್ ತಲೆ ಮುಟ್ಟಿ ಯೋಳು.”

ಚಲುವರಾಜು ಕೈ ಎತ್ತಿದ. ಕೈ ಅವಳ ತಲೆಯವರೆಗೆ ಹೋಗಲಿಲ್ಲ. ಮೈಸೂರಿನಲ್ಲಿ ಕಸುಬು ಕಲಿತವನು, ಪಟಕ್ಕೂ ಆಯಸ್ಸಿಗೂ ಸಂಬಂಧವಿಲ್ಲವೆಂದು ಹತ್ತು ಜನಕ್ಕೆ ವಾದ ಮಾಡಿ ಹೇಳಿದವನು, ಅವನಿಗೂ ಆ ಗಳಿಗೆಯಲ್ಲಿ ಅದೆಲ್ಲ ಬಾಯಿಮಾತಾಯಿತು. ಎದ್ದು ಅಂಗಡಿಗೆ ಹೋಗಿ, ಪೆಟ್ಟಿಗೆಯ ತಳದಲ್ಲಿ ಕರಿಯ ಕಾಗದ ಸುತ್ತಿ ಇಟ್ಟಿದ್ದ ಗಾಜನ್ನು ತೆಗೆದುಕೊಂಡು ಹೊಳೆಗೆ ನಡೆದ. ಹಳೆ ಸೇತುವೆಯ ಕೆಳಗೆ, ಅದೇ ಬಂಡೆಯ ಹತ್ತಿರ ನೀರಿಗಿಳಿದ. ಗಾಜನ್ನು ಒಂದು ಸಲ ಬಿಸಿಲಿಗೆ ಹಿಡಿದ. ಬಿಳಿತಲೆಯ ಹೆಂಗಸು ಆಯಿತಾ ಎಂದು ಕೇಳುವ ಹಾಗೆ ಅವನನ್ನೇ ನೋಡುತ್ತಿದ್ದಳು. ಕಾಗದಕ್ಕೊಂದು ಇಳಿಸಿಕೊಂಡು ಆಮೇಲೆ ಅಳಿಸೋಣವೆಂಬ ಯೋಚನೆ ಬಂತು. ಅದಕ್ಕೂ ಅವಳ ಆಯಸ್ಸೇ ಹೋಗುತ್ತದೆಂದು ಹೆದರಿದ. ಗಾಜನ್ನು ನೀರಿನಲ್ಲಿ ಅದ್ದಿ, ಹಿಡಿ ಮರಳು ಹಾಕಿ, ಹೆಬ್ಬೆರಳಿನಿಂದ ಉಜ್ಜಿದ. ಚಿತ್ರ ಅಂಟಂಟಾಗಿ ಕಿತ್ತು ಬಂದು ನೀರಿನಲ್ಲಿ ಹೋಯಿತು. ಮೊದಲು ಸೇತುವೆ ಹೋಯಿತು. ಅವಳನ್ನು ಕೊನೆಗೆ ಉಳಿಸಿಕೊಂಡಿದ್ದ. ಅಳುತ್ತಾ ಅದನ್ನೂ ಉಜ್ಜಿದ. ಗಾಜು ಹೊಸದರ ಹಾಗೆ ಸ್ವಚ್ಛವಾಯಿತು, ಅದರ ಮೂಲಕ ನೋಡಿದರೆ ಹೊಳೆ ಕಾಣುತ್ತಿತ್ತು.

ಮನೆಗೆ ಬಂದವನೇ ಅವಳ ತಲೆ ಮುಟ್ಟಿದ. “ಈಗ ಇಲ್ಲ ರೇವಿ. ನಿನ್ನಾಣೆ” ಎಂದ.

ರೇವಮ್ಮ ಅವನ ಒದ್ದೆ ಪಂಚೆಯನ್ನು, ಮರಳು ಮೆತ್ತಿದ ಕೈಯನ್ನು ನೋಡಿದಳು. “ಇಷ್ಟು ದಿನ ಇಟ್ಕೊಂಡಿದ್ದ್ಯಾ?” ಎಂದಳು. ಅವನು ಹೂಂ ಎಂದ. ಬಯ್ಯುತ್ತಾಳೆಂದು ಕಾದ.

“ಎಂಗಿದ್ದೆ?”

“ಚೆಂದಾಗಿದ್ದೆ. ನನ್ನೇ ನೋಡ್ತಿದ್ದೆ.”

“ಒಂದ್ ಸಲ ನಂಗೆ ತೋರ್ಸಿ ಅಳಿಸ್ಬಾರ್ದಾಗಿತ್ತಾ ಬಾವ” ಎಂದಳು.

ಮಾರನೆಯ ಬೆಳಿಗ್ಗೆ ಜ್ವರ ಬಿಟ್ಟಿತು. ಎರಡು ದಿನ ಗಂಜಿ ಕುಡಿದಳು, ಗೋಡೆಗೊರಗಿ ಕೂತು ಅವ್ವನ ಕೈಲಿ ತಲೆ ಬಾಚಿಸಿಕೊಂಡಳು. ಚಲುವರಾಜುವಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸಿಕ್ಕಸಿಕ್ಕ ದೇವರಿಗೆಲ್ಲ ಕೈ ಮುಗಿದ, ಪಟದ ಕಸುಬನ್ನೇ ಬಿಟ್ಟು ವಡೆ ಅಂಗಡಿ ಇಡುತ್ತೇನೆಂದು ಅವಳ ಮುಂದೆ ಹೇಳಿ ನಗಿಸಿದ. ಮೂರನೆಯ ದಿನ ಜ್ವರ ಮತ್ತೆ ಏರಿತು. ಸಂಜೆಯ ಹೊತ್ತಿಗೆ ರೇವಮ್ಮ ಹೋಗಿಬಿಟ್ಟಳು. ಅವಳಿಗೆ ಇಪ್ಪತ್ತಾರು ವರ್ಷ.

ಬೆಳಿಗ್ಗೆ ಮಣ್ಣು ಮಾಡುವ ಮೊದಲು ಮುತ್ತೈದೆಯ ಹೆಣಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಅಂಗಳದಲ್ಲಿ ಕೂರಿಸಿದರು. ಮಂಚಮ್ಮ ಅಳಿಯನನ್ನು ಕೂಗಿದಳು.

“ಮಗ, ಒಂದು ಪಟ ತಗಿ. ಇನ್ಯಾವ ಆಯ್ಸು ಕಮ್ಮಿ ಆಗ್ಬೇಕು ನನ್ ಕೂಸ್ಗೆ. ಊರವ್ರಿಗೆಲ್ಲ ಕಣ್ಣು ಬರ್ದುಕೊಟ್ಟಿದ್ದೀಯ. ನನ್ ಮಗ್ಳಿಗೂ ಬರ್ದುಕೊಡು.”

ಯಾರದೋ ಸಾವಿಗೆ ಬೇಕಾಗುತ್ತದೆಂದು ಅವನು ಒಂದು ಹೊಸ ಗಾಜು ತಂದಿಟ್ಟಿದ್ದ. ಅದನ್ನೇ ಏರಿಸಿದ. ಕರಿಯ ಬಟ್ಟೆಯೊಳಗೆ, ಕ್ಯಾಮೆರಾದಲ್ಲಿ ಎಲ್ಲರೂ ಕಾಣುವ ಹಾಗೆ, ಅವಳೂ ತಲೆಕೆಳಗಾಗಿ ಕೂತಿದ್ದಳು. ಮುಚ್ಚಳ ತೆಗೆದ. ಎಷ್ಟು ಎಣಿಸಿದನೋ ಅವನಿಗೇ ಗೊತ್ತಿಲ್ಲ; ಪಕ್ಕದ ಮನೆಯ ಪುಟ್ಟಮಾದಯ್ಯ ಬಂದು ಅವನ ಕೈಯಿಂದ ಮುಚ್ಚಳ ತೆಗೆದುಕೊಂಡು ಮುಚ್ಚಿದ. ಹನ್ನೊಂದನೆಯ ದಿನದ ತಿಥಿಗೆ ಪಟ ಕೊಡುತ್ತೇನೆಂದು ಅತ್ತೆಗೆ ಮಾತು ಕೊಟ್ಟ.

ಕಾಗದದ ಮೇಲೆ ಪಟ ಚೆನ್ನಾಗಿಯೇ ಮೂಡಿತು. ಹೂವಿನ ದಳಗಳನ್ನು ಕೂಡ ಎಣಿಸಬಹುದಿತ್ತು. ಚಲುವರಾಜು ಕಿಟಕಿಯ ಬೆಳಕಿಗೆ ಕೂತು ಕುಂಚ ಅದ್ದಿದ. ನೋಡೋದು ಎಂಗೆ ನೋಡೋಳು ಎಂದು ತನ್ನನ್ನೇ ಕೇಳಿಕೊಂಡ. ಒಲೆ ಊದುವಾಗ ಕಿರಿದಾದ ಕಣ್ಣು ನೆನಪಾಯಿತು. ಗಾಜು ತೊಳೆಯುವಾಗ ಕೆಳಗೆ ನೆಟ್ಟ ಕಣ್ಣು ನೆನಪಾಯಿತು. ಚಿಕ್ಕಂದಿನಲ್ಲಿ ಬೆಳ್ಳೂರಿನ ಹುಣಸೆಮರದ ಕೆಳಗೆ ನಿಂತು ಹಕ್ಕಿ ಗೂಡಿನ ಕಡೆ ಎತ್ತಿದ ಕಣ್ಣು ಕೂಡ ನೆನಪಾಯಿತು. ಬೇಕಾದದ್ದು ಅದಾವುದೂ ಅಲ್ಲ. ನೆಟ್ಟಗೆ ಅವನನ್ನೇ ನೋಡುವ ಕಣ್ಣು ಬೇಕು. ಅದನ್ನು ಕರೆದರೆ ಗಾಜಿನ ಮುದುಕಿ ಬರುತ್ತಿದ್ದಳು. ಆರು ತಿಂಗಳು ಅವಳು ಮನೆಯಲ್ಲಿ ಇಲ್ಲದಾಗಲೆಲ್ಲ ಬೆಳಕಿಗೆ ಹಿಡಿದು ನೋಡಿದ್ದು ಆ ಮುಖ. ಕರಿಯ ಮೈ, ಬಿಳಿಯ ಪಾಪೆ. ಎಂಟು ವರ್ಷ ಪಕ್ಕದಲ್ಲೇ ಉಂಡು ಮಲಗಿದವಳನ್ನು ಅದು ಪೂರ್ತಿ ಮುಚ್ಚಿಕೊಂಡಿತ್ತು.

ಐದು ದಿನ ಕೂತ. ಬರೆಯುವುದಿರಲಿ, ಕಾಗದಕ್ಕೆ ಕುಂಚ ತಾಗಿಸುವ ಧೈರ್ಯ ಬರಲಿಲ್ಲ. ಯಾರ ಕಣ್ಣನ್ನಾದರೂ ಬರೆದುಬಿಟ್ಟರೆ ಆಮೇಲೆ ಅದೇ ರೇವಮ್ಮನ ಕಣ್ಣಾಗಿ ಉಳಿದುಬಿಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಇಡೀ ಸೀಮೆಗೆ ಅವನು ಮಾಡಿದ್ದು ಅದನ್ನೇ. ಆರನೆಯ ದಿನ ಪಟವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ಹೊಳೆ ದಂಡೆಗೆ ಹೋದ. ರೈಲಿನ ಸೇತುವೆಯಿಂದ ವೈದ್ಯನಾಥಪುರದವರೆಗೆ, ಮೂರು ದಿನದಲ್ಲಿ ಇಬ್ಬರೂ ನಡೆದ ದಾರಿಯನ್ನು ಒಂದೇ ದಿನದಲ್ಲಿ ನಡೆದ. ಊರು ಮೊದಲಿನ ಹಾಗೇ ಬೆನ್ನು ಹಾಕಿ ಕೂತಿತ್ತು. ಒಂದೊಂದು ಕಡೆಯೂ ನಿಂತು ಹಿಂದಕ್ಕೆ ತಿರುಗಿ ನೋಡಿದ, ಅವಳು ನಿಲ್ಲುತ್ತಿದ್ದುದು ಹಿಂದೆಯೇ ಅಲ್ಲವೇ. ಪಟ ತೆಗೆಯುವಾಗಲೆಲ್ಲ ಅವಳು ಬೆನ್ನ ಹಿಂದೆ ಇದ್ದಳು. ಅವಳು ನೋಡುತ್ತಿದ್ದುದನ್ನು ಅವನು ನೋಡಿರಲೇ ಇಲ್ಲ. ಗಂಡನ ಕಣ್ಣು ನೆನಪಾಗದೆ ಅತ್ತಿದ್ದ ವೈದ್ಯನಾಥಪುರದ ಮುದುಕಿಯ ಮನೆ ದಾರಿಯಲ್ಲೇ ಸಿಕ್ಕಿತು. ಜಗುಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದವಳು ಅವನನ್ನು ಗುರುತಿಸಿ, ಕುಡಿಯಲು ನೀರು ಕೊಟ್ಟಳು. ಅವಳ ಕ್ಷಮೆ ಕೇಳಬೇಕೆಂದುಕೊಂಡ, ಏನೆಂದು ಕೇಳುವುದೆಂದು ತಿಳಿಯದೆ ನೀರು ಕುಡಿದು ಎದ್ದು ಬಂದ.

ತಿಥಿಯ ದಿನ ನೆಂಟರಿಷ್ಟರು ಪಡಸಾಲೆ ತುಂಬಿದ್ದರು. ಎಡೆ ಇಡುವ ಮೊದಲು ಮಂಚಮ್ಮ ಪಟ ಕೇಳಿದಳು. ಚಲುವರಾಜು ಅದಕ್ಕೆ ಹೊಳೆಯಲ್ಲಿ ತೊಳೆದ ಗಾಜನ್ನೇ ಹಾಕಿ ಕಟ್ಟು ಕಟ್ಟಿಸಿದ್ದ. ತಂದು ಅವಳ ಮಡಿಲಲ್ಲಿಟ್ಟ. ಸುತ್ತ ಇದ್ದವರೆಲ್ಲ ಬಗ್ಗಿ ನೋಡಿದರು. ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಟದಲ್ಲಿ ರೇವಮ್ಮನ ಕಣ್ಣು ಮುಚ್ಚಿದ್ದ ಹಾಗೇ ಇತ್ತು. ಮಂಚಮ್ಮ ಪಟವನ್ನು ಮುಖದ ಹತ್ತಿರ ತಂದು ಅತ್ತ ಇತ್ತ ಆಡಿಸಿ, ಕಾಣದೆ, ಅಂಗೈಯಿಂದ ಗಾಜನ್ನು ಸವರಿದಳು.

“ಕಣ್ಣು ಬುಡ್ಸಿದ್ದೀಯ ಮಗ?”

ಚಲುವರಾಜು ಬಾಯಿ ತೆರೆದ. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿತ್ತು, ಆದರೂ ಇದೊಂದು ಬೇಗ ಬರಲಿಲ್ಲ.

“ಬುಡ್ಸಿದ್ದೀನಿ ಅತ್ತೆ.”

“ಯಾವ್ ಕಡೀಕ್ ನೋಡ್ತಾವ್ಳೆ?”

ಅವನು ಮುಚ್ಚಿದ ರೆಪ್ಪೆಗಳನ್ನು ನೋಡಿದ.

“ನನ್ ಕಡೀಕೆ.”

“ಅಂಗಾರೆ ಸರ್ಯಾಗ್ ಬರ್ದಿದ್ದೀಯ ಕಣಪ್ಪ” ಎಂದಳು ಮಂಚಮ್ಮ. “ಸಣ್ಣೋಳಾಗಿದ್ದಾಗ್ಲಿಂದ್ಲೂ ಅವ್ಳು ನೋಡ್ತಿದ್ದದ್ದು ಅತ್ಲಾಗೇಯ. ನೀನೇ ನೋಡ್ತಿರ್ನಿಲ್ಲ.”

ಸೆರಗಿನಿಂದ ಗಾಜು ಒರೆಸಿ, ಪಟವನ್ನು ಅವನ ಕೈಗೆ ಕೊಟ್ಟಳು. ಪುಟ್ಟಮಾದಯ್ಯ ಎದ್ದು ಮೊಳೆ ಸುತ್ತಿಗೆ ತಂದುಕೊಟ್ಟ. ಚಲುವರಾಜು ಮಾವನ ಪಟದ ಪಕ್ಕದಲ್ಲಿ ಮೊಳೆ ಹೊಡೆದು ಅದನ್ನು ತೂಗುಹಾಕಿದ, ಎಡೆಯ ಮುಂದೆ ಬಂದು ಕೂತ.